ನೀಲಿ ಕಾಣಲಿಲ್ಲ ಅಂದ್ರೆ ಉಸಿರಿದೆ ಅಂತ ಅರ್ಥವೇ?

ಪೋಸ್ಟ್ ಉದ್ದ ಇದೆ. ಮಳೆ ಹಿಡಿದಿದೆ, ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ಕೆಮ್ಮು ಜ್ವರ ಎದ್ದಿದೆ, ಅದಕ್ಕೇ ಈಗಲೇ ಬರೀತಿದ್ದೀನಿ. ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಜಗಳಕ್ಕೆ ಬನ್ನಿ.

ಆರೋಗ್ಯ ಶಿಬಿರಕ್ಕೆ ಹೋದರೂ, ಯಾವ ಆಸ್ಪತ್ರೆಯ ಗೋಡೆ ನೋಡಿದರೂ ಒಂದು ಸಾಲು ಕಣ್ಣಿಗೆ ಬೀಳುತ್ತೆ: ತುಟಿ, ಉಗುರು, ಮೈ ನೀಲಿಗಟ್ಟಿದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಡಾಕ್ಟರುಗಳ ಭಾಷೆಯಲ್ಲಿ ಇದಕ್ಕೆ ಸಯನೋಸಿಸ್ ಅಂತಾರೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಚರ್ಮಕ್ಕೆ ನೀಲಿ ಛಾಯೆ ಬರುತ್ತೆ. ಆ ಸಾಲು ಸುಳ್ಳಲ್ಲ. ಆದರೆ ಅದು ಯಾರ ಚರ್ಮ ನೋಡಿ ಬರೆದ ಸಾಲು ಅನ್ನೋದು ನನ್ನ ಪ್ರಶ್ನೆ. ಆ ಪಾಠದ ಜೊತೆ ತೋರಿಸುವ ಫೋಟೋ ನೆನಪು ಮಾಡಿಕೊಳ್ಳಿ. ಬೆಳ್ಳಗಿನ ಬೆರಳು, ತುದಿಯಲ್ಲಿ ನೀಲಿ. ನನ್ನ ಅವ್ವನ ಬೆರಳು ಹಾಗಿರಲಿಲ್ಲ. ನಲವತ್ತು ವರ್ಷ ಕಾಫಿ ಕುಯ್ದ ಬೆರಳು ಅದು, ಕರೆ ಹಿಡಿದು, ಒಡೆದು, ಗಟ್ಟಿಯಾಗಿತ್ತು. ಅದರಲ್ಲಿ ನೀಲಿ ಹುಡುಕೋದು ಕತ್ತಲಲ್ಲಿ ಕರಿ ದಾರ ಹುಡುಕಿದ ಹಾಗೆ.

ಕೊಡಗಿನಲ್ಲಿ 2011ರ ಜನಗಣತಿ ಪ್ರಕಾರ ಪರಿಶಿಷ್ಟ ಜಾತಿ ಶೇಕಡಾ 13ರಷ್ಟು, ಪರಿಶಿಷ್ಟ ಪಂಗಡ ಶೇಕಡಾ 10ಕ್ಕೂ ಹೆಚ್ಚು. ನಾಲ್ಕರಲ್ಲಿ ಒಬ್ಬರು ನಾವು. ದೇಶದ ಕಾಫಿಯ ಮೂರನೇ ಒಂದು ಭಾಗದಷ್ಟು ಈ ಪುಟ್ಟ ಜಿಲ್ಲೆಯಿಂದ ಹೋಗುತ್ತೆ. ಅದನ್ನು ಕುಯ್ಯೋರು, ಹೊರೋರು ಬಹುಪಾಲು ಲೈನ್ ಮನೆ, ಹಾಡಿಗಳ ಜನ. ಪಣಿಯರವರು, ಎರವರು, ಜೇನುಕುರುಬರು, ಬೆಟ್ಟಕುರುಬರು, ನಮ್ಮ ದಲಿತ ಕೇರಿಯವರು. ಎಣ್ಣೆಗಪ್ಪು ಮೈಯವರು. ಹಾಗಾಗಿ ಕಪ್ಪು ಚರ್ಮದಲ್ಲಿ ಕಾಯಿಲೆ ಹೇಗೆ ಕಾಣುತ್ತೆ ಅನ್ನೋದು ಇಲ್ಲಿ ಪುಸ್ತಕದ ಕೊನೆಯ ಅಡಿಟಿಪ್ಪಣಿ ಆಗಬಾರದು. ಮೊದಲ ಪಾಠವೇ ಆಗಬೇಕಿತ್ತು.

ಮೊದಲು ವಿಷಯ ಅರ್ಥ ಮಾಡಿಕೊಳ್ಳೋಣ. ನಾನು ಡಾಕ್ಟರ್ ಅಲ್ಲ, ಆದರೆ ಇದು ಬ್ರಹ್ಮವಿದ್ಯೆಯೂ ಅಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಇದೆ, ಅದು ಆಮ್ಲಜನಕ ಹೊರುವ ಕೂಲಿ. ಹೊರೆ ಇದ್ದಾಗ ರಕ್ತ ಕೆಂಪು, ಹೊರೆ ಇಳಿಸಿದ ಮೇಲೆ ಕಪ್ಪುಗೆಂಪು. ಆ ಕಪ್ಪುಗೆಂಪು ಚರ್ಮದ ಮೂಲಕ ಕಂಡಾಗ ನಮ್ಮ ಕಣ್ಣಿಗೆ ನೀಲಿ ಅನಿಸುತ್ತೆ. ಸಣ್ಣ ರಕ್ತನಾಳಗಳ ರಕ್ತದಲ್ಲಿ ಹೊರೆ ಇಲ್ಲದ ಹಿಮೋಗ್ಲೋಬಿನ್ ಪ್ರತಿ 100 ಮಿ.ಲೀ.ಗೆ ಸುಮಾರು 5 ಗ್ರಾಂ ಆದಾಗ ಈ ನೀಲಿ ಕಾಣೋಕೆ ಶುರುವಾಗುತ್ತೆ ಅನ್ನೋದು ನೂರು ವರ್ಷದಿಂದ ಪಠ್ಯಪುಸ್ತಕದಲ್ಲಿರುವ ಲೆಕ್ಕ.

ಈಗ ಈ 5 ಗ್ರಾಂ ಲೆಕ್ಕವನ್ನು ನಮ್ಮ ಹೆಣ್ಣುಮಕ್ಕಳ ಮೇಲೆ ಹಾಕಿ ನೋಡಿ. ಚೆನ್ನಾಗಿ ಉಂಡು ಬೆಳೆದ ಗಂಡಸಿಗೆ ಹಿಮೋಗ್ಲೋಬಿನ್ 15 ಗ್ರಾಂ. ಅವನಿಗೆ 5 ಗ್ರಾಂ ಅಂದ್ರೆ ಮೂರರಲ್ಲಿ ಒಂದು ಪಾಲು. ಲೈನ್ ಮನೆಯ ಹೆಂಗಸಿಗೆ 7 ಗ್ರಾಂ ಇದೆ ಅನ್ನಿ. ಆಕೆಯ ಮೈ ನೀಲಿ ಕಾಣಬೇಕಾದರೆ ಏಳರಲ್ಲಿ ಐದು ಪಾಲು ಖಾಲಿಯಾಗಬೇಕು. ಅಷ್ಟು ಖಾಲಿಯಾಗೋ ಹೊತ್ತಿಗೆ ಆಕೆ ಉಳಿದಿರೋದೇ ಅನುಮಾನ. ಅಂದ್ರೆ ರಕ್ತ ಎಷ್ಟು ಕಡಿಮೆಯೋ, ನೀಲಿ ಅಷ್ಟು ತಡ. ಹಸಿದವರ ಉಸಿರುಗಟ್ಟುವಿಕೆ ಹೊಟ್ಟೆ ತುಂಬಿದವರದಕ್ಕಿಂತ ತಡವಾಗಿ ಕಾಣುತ್ತೆ. ಚರ್ಮ ಯಾವ ಬಣ್ಣದ್ದಾದರೂ ಇದು ನಿಜ. ಮೇಲೆ ಕಪ್ಪು ಚರ್ಮವೂ ಸೇರಿದರೆ ಕೇಳೋದೇ ಬೇಡ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ದೇಶದ ಲೆಕ್ಕದಲ್ಲಿ ಪರಿಶಿಷ್ಟ ಜಾತಿಯ ಹೆಂಗಸರಲ್ಲಿ ಇದು ಸುಮಾರು 59, ಪರಿಶಿಷ್ಟ ಪಂಗಡದವರಲ್ಲಿ ಸುಮಾರು 65. ಈ ಹೆಂಗಸರಿಗೆ ಹೋಗಿ 'ನೀಲಿಯಾದಾಗ ಬನ್ನಿ' ಅಂತ ಹೇಳ್ತಿದ್ದೀವಿ.

ಒಂದು ಅಡ್ಡಮಾತು. ಕೃಷ್ಣ ಅಂದ್ರೆ ಕಪ್ಪು ಅಂತಲೇ ಅರ್ಥ. ಕ್ಯಾಲೆಂಡರ್ ಬರೆದವರು ಅವನಿಗೆ ನೀಲಿ ಬಳಿದರು, ಕಪ್ಪು ದೇವರನ್ನು ನೋಡೋಕೆ ಇವರಿಗೆ ಆಗಲಿಲ್ಲ. ಕಪ್ಪು ಕಂಡಲ್ಲೆಲ್ಲ ನೀಲಿ ಬಳಿಯೋ ಈ ಕಣ್ಣಿಗೆ ನಮ್ಮ ಕಪ್ಪಿನೊಳಗಿನ ನಿಜವಾದ ನೀಲಿ ಮಾತ್ರ ಕಾಣೋಲ್ಲ. ಇರಲಿ.

ಹಾಗಾದರೆ ಕಪ್ಪು ಮೈಯಲ್ಲಿ ಸಯನೋಸಿಸ್ ಕಾಣೋದೇ ಇಲ್ವಾ? ಕಾಣುತ್ತೆ ಸ್ವಾಮಿ. ನಾಲಿಗೆಯಲ್ಲಿ, ನಾಲಿಗೆಯ ಅಡಿಯಲ್ಲಿ, ತುಟಿಯ ಒಳಮೈಯಲ್ಲಿ, ಕೆಳರೆಪ್ಪೆಯ ಒಳಗೆ, ಉಗುರಿನ ಬುಡದಲ್ಲಿ, ಅಂಗೈ ಅಂಗಾಲಿನಲ್ಲಿ. ಅಲ್ಲೂ ಅಚ್ಚ ನೀಲಿ ಇರಬೇಕಂತಿಲ್ಲ, ಬೂದಿ ಬಣ್ಣ ಇರಬಹುದು. ನಮ್ಮಲ್ಲಿ ಎಷ್ಟೋ ಜನಕ್ಕೆ ವಸಡು ಹುಟ್ಟಿನಿಂದಲೇ ಕಪ್ಪು, ಅದೊಂದನ್ನೇ ನಂಬಬಾರದು. ಎಲೆ ಅಡಿಕೆ ಹಾಕುವವರ ನಾಲಿಗೆ ಕೆಂಪಾಗಿರುತ್ತೆ, ಬಾಯಿ ಮುಕ್ಕಳಿಸಿ ಉಗಿಸಿಯೇ ನೋಡಬೇಕು. ನಲವತ್ತು ವ್ಯಾಟಿನ ಹಳದಿ ಬಲ್ಬಿನ ಕೆಳಗೆ ಅಲ್ಲ, ಬಾಗಿಲ ಹತ್ತಿರ, ಹಗಲು ಬೆಳಕಲ್ಲಿ.

ಈಗ ಈ ಪಟ್ಟಿ ಮತ್ತೆ ಓದಿ. ನಾಲಿಗೆ ಎತ್ತಿಸಬೇಕು. ತುಟಿ ಮಡಚಬೇಕು. ರೆಪ್ಪೆ ಎಳೆಯಬೇಕು. ಅಂಗೈ ಹಿಡಿದು ತಿರುಗಿಸಬೇಕು, ಉಗುರು ಒತ್ತಿ ಬಿಡಬೇಕು. ಒಂದೊಂದಕ್ಕೂ ಮುಟ್ಟಬೇಕು!

ನನ್ನ ತಕರಾರು ಇರೋದು ಇಲ್ಲೇ. ಬಿಳಿ ಚರ್ಮದವನ ಉಸಿರು ಕಟ್ಟಿದರೆ ಮೂರು ಅಡಿ ದೂರದಿಂದ ಕಾಣುತ್ತೆ. ನಮ್ಮವರದು ಕಾಣಬೇಕಾದರೆ ಹತ್ತಿರ ಬಂದು, ಬಾಯಿ ತೆರೆಸಿ, ಮುಟ್ಟಿ ನೋಡಬೇಕು. ಸಾವಿರಾರು ವರ್ಷ ನಮ್ಮನ್ನು ಮುಟ್ಟದಿರೋದನ್ನೇ ಧರ್ಮ ಅಂದುಕೊಂಡ ಊರಿನಲ್ಲಿ, ಮುಟ್ಟಿದರೆ ಮಾತ್ರ ಕಾಣುವ ಕಾಯಿಲೆ ನಮಗೆ ಬಂದಿದೆ. ಈಗ ಎಷ್ಟು ಜನ ಮುಟ್ತಾರೆ? ಎದುರು ಕೂರಿಸಿ, ಕ್ಲಿಪ್ ಹಾಕಿ, ನಂಬರ್ ಓದಿ, ಮಾತ್ರೆ ಚೀಟಿ ಮೇಜಿನ ಮೇಲೆ ತಳ್ಳೋದನ್ನ ನೋಡಿಲ್ವಾ ನೀವು?

'ಈಗ ಎಲ್ಲಿದೆ ಸಾರ್ ಅಸ್ಪೃಶ್ಯತೆ' ಅನ್ನೋರಿಗೆ ಒಂದು ಮಾತು. ಸಂಘಮಿತ್ರ ಆಚಾರ್ಯ ಅವರು ಗುಜರಾತ್, ರಾಜಸ್ಥಾನದ ಹಳ್ಳಿಗಳ ದಲಿತ ಮಕ್ಕಳಿಗೆ ವೈದ್ಯ ಸೇವೆ ಸಿಗುವ ರೀತಿಯನ್ನು ಅಧ್ಯಯನ ಮಾಡಿ 2010ರಲ್ಲಿ ವರದಿ ಕೊಟ್ಟರು. ತಾರತಮ್ಯ ಎದ್ದು ಕಂಡ ಜಾಗಗಳಲ್ಲಿ ಮುಟ್ಟುವ ಗಳಿಗೆಯೂ ಒಂದು. ಮಗುವನ್ನು ಪರೀಕ್ಷಿಸುವಾಗ ಮುಟ್ಟೋದಿಲ್ಲ, ಔಷಧಿ ಕೊಡುವಾಗ ಕೈ ತಾಗಿಸೋದಿಲ್ಲ. ಅದು ಉತ್ತರ ಭಾರತ ಅಂತ ಜಾರಿಕೊಳ್ಳಬೇಡಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿರೋದು ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಪ್ರವೇಶ ತಡೆಯೋದೂ ಸೇರಿದೆ. ಒಳಗೆ ಬಿಟ್ಟು, ಕುರ್ಚಿ ಕೊಟ್ಟು, ಮುಟ್ಟದೆ ವಾಪಸ್ ಕಳಿಸಿದರೆ? ಅದಕ್ಕೆ ಯಾವ ಸೆಕ್ಷನ್ ಹಾಕೋದು?

ನಾನು ಕಣ್ಣಾರೆ ಕಂಡದ್ದು ಒಂದು. ಎರಡು ಮಳೆಗಾಲದ ಹಿಂದೆ ಒಂದು ತೋಟದಿಂದ ನಡುವಯಸ್ಸಿನ ಹೆಂಗಸೊಬ್ಬರನ್ನು ಜೀಪಿನಲ್ಲಿ ಕರ್ಕೊಂಡು ಹೋಗಿದ್ದೆ. ಯಾವ ಆಸ್ಪತ್ರೆ ಅಂತ ಬರೆಯಲ್ಲ, ಅದೊಂದೇ ಅಲ್ಲ ಹಾಗಿರೋದು. ನಾಲ್ಕು ದಿನದ ಜ್ವರ, ಮಾತಾಡೋಕೆ ಆಗ್ತಿಲ್ಲ, ಒಂದು ಪದಕ್ಕೆ ಒಂದು ಉಸಿರು. ಬೆರಳಿಗೆ ಕ್ಲಿಪ್ ಹಾಕಿದರು, 95 ಬಂತು. 'ಸ್ಯಾಚುರೇಶನ್ ಚೆನ್ನಾಗಿದೆ, ನೀಲಿ ಗೀಲಿ ಏನೂ ಕಾಣ್ತಿಲ್ಲ, ವೈರಲ್ ಇರುತ್ತೆ.' ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲ್ ನೋಡ್ಕೊಂಡು ಆಕೆಯ ಉಸಿರು ಎಣಿಸಿದೆ. ನಿಮಿಷಕ್ಕೆ 34. ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಒಬ್ಬ ಎಳೆ ಡಾಕ್ಟರಮ್ಮ, ರೆಪ್ಪೆ ಎಳೆದು ನೋಡಿದರು, ಬಾಯಿ ಮುಕ್ಕಳಿಸಿ ಬನ್ನಿ ಅಂದರು, ಟಾರ್ಚ್ ಹಾಕಿ ನಾಲಿಗೆ ನೋಡಿದರು, ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಸಿದರು. ಹಿಮೋಗ್ಲೋಬಿನ್ ಏಳೂ ಇರಲಿಲ್ಲ. ಕ್ಲಿಪ್ ಹೇಳಿದ್ದಕ್ಕಿಂತ ರಕ್ತದ ಆಮ್ಲಜನಕ ಎಷ್ಟೋ ಕೆಳಗಿತ್ತು. ನ್ಯುಮೋನಿಯಾ. ಹನ್ನೊಂದು ದಿನ ಇಟ್ಟುಕೊಂಡರು, ಬದುಕಿದರು. ಆ ಡಾಕ್ಟರಮ್ಮನ ಜಾತಿ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಮುಟ್ಟಿದರು, ಅಷ್ಟೆ.

ಮೆಷಿನ್‌ಗೆ ಜಾತಿ ಇಲ್ಲವಲ್ಲ, 95 ಯಾಕೆ ಬಂತು ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ.

ಪಲ್ಸ್ ಆಕ್ಸಿಮೀಟರಿನ ತತ್ವ ಕಂಡುಹಿಡಿದವರು ಜಪಾನಿನ ತಕುವೊ ಅಯೋಯಾಗಿ, 1974ರಲ್ಲಿ. ಎರಡು ಬೆಳಕು ಬೆರಳಿನ ಮೂಲಕ ಹಾಯಿಸ್ತಾರೆ, ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಗೆಂಪು. ಆಮ್ಲಜನಕ ಇರುವ ರಕ್ತ, ಇಲ್ಲದ ರಕ್ತ ಇವೆರಡನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತೆ. ಆ ವ್ಯತ್ಯಾಸದಿಂದ ನಂಬರ್. ಬಹಳ ದೊಡ್ಡ ಕೆಲಸ ಅದು, ಕೋಟ್ಯಂತರ ಜೀವ ಉಳಿಸಿದೆ. ಆದರೆ ದಾರಿಯಲ್ಲಿ ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತೆ. ಬೆಳಕಿಗೆ ಜಾತಿ ಗೊತ್ತಿಲ್ಲ, ಮೆಲನಿನ್ ಗೊತ್ತು. ಮೆಷಿನ್‌ನ ಲೆಕ್ಕ ಹೊಂದಿಸುವಾಗ ಯಾರ ಬೆರಳು ಹೆಚ್ಚಾಗಿ ಇಟ್ಟಿದ್ದರೋ ಅವರಿಗೆ ಅದು ಸರಿ ಹೇಳುತ್ತೆ. ಕಪ್ಪು ಚರ್ಮದಲ್ಲಿ ಇರೋದಕ್ಕಿಂತ ಜಾಸ್ತಿ ತೋರಿಸೋ ಸಂಭವ ಹೆಚ್ಚು.

ಇದು ಹೊಸ ಸುದ್ದಿಯೂ ಅಲ್ಲ. 1990ರಲ್ಲೇ ಅಮೆರಿಕದ ಐಸಿಯುಗಳಲ್ಲಿ ಕಪ್ಪು ರೋಗಿಗಳ ಬಗ್ಗೆ ಹೀಗೆ ಬರೆದಿದ್ದರು. ಮೂವತ್ತು ವರ್ಷ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕೋವಿಡ್ ಬಂದ ಮೇಲೆ, 2020ರ ಡಿಸೆಂಬರ್‌ನಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಮೈಕಲ್ ಸ್ಯೋಡಿಂಗ್ ಮತ್ತವರ ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಕ್ಲಿಪ್ 92ರಿಂದ 96 ತೋರಿಸುವಾಗ ರಕ್ತ ಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಸಂದರ್ಭ ಬಿಳಿಯರಲ್ಲಿ ಶೇಕಡಾ 3.6, ಕಪ್ಪು ಜನರಲ್ಲಿ 11.7. ಮೂರು ಪಟ್ಟು! ಅಮೆರಿಕದ ಎಫ್‌ಡಿಎ 2013ರ ಮಾರ್ಗಸೂಚಿಯಲ್ಲಿ ಈ ಯಂತ್ರವನ್ನು ಕನಿಷ್ಠ 10 ಜನರ ಮೇಲೆ ಪರೀಕ್ಷಿಸಿದರೆ ಸಾಕು, ಅದರಲ್ಲಿ ಇಬ್ಬರು ಕಪ್ಪು ಚರ್ಮದವರಿದ್ದರೆ ಸಾಕು ಅಂದಿತ್ತು. 2025ರ ಜನವರಿಯಲ್ಲಿ ತಂದ ಕರಡಿನಲ್ಲಿ ಅದನ್ನು 150 ಜನರಿಗೆ ಏರಿಸಿದೆ. ಅಲ್ಲಿ ಕಪ್ಪು ಜನ ಕೇಳಿದರು, ಬೈದರು, ಪ್ರಬಂಧ ಬರೆದರು. ನಾವು ಇಲ್ಲಿ ಕೇಳಬೇಕಲ್ವಾ?

ಕೋವಿಡ್ ಎರಡನೇ ಅಲೆಯಲ್ಲಿ ಇಡೀ ದೇಶ ಈ ನಂಬರಿನ ಮೇಲೆ ನಿಂತಿತ್ತು. ಮನೆಯಲ್ಲಿ ಇರಬೇಕಾ, ಬೆಡ್ ಸಿಗುತ್ತಾ, ಎಲ್ಲ 94, 93, 90ರ ಲೆಕ್ಕ. ಅದೇ ಮಾರ್ಗಸೂಚಿಯಲ್ಲಿ ಪಕ್ಕದಲ್ಲೇ ಇನ್ನೊಂದು ಅಳತೆ ಇತ್ತು, ಉಸಿರಾಟ ನಿಮಿಷಕ್ಕೆ 24 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಅದಕ್ಕೆ ಯಂತ್ರ ಬೇಡ, ಬ್ಯಾಟರಿ ಬೇಡ, ಬಣ್ಣ ಬೇಡ. ಒಂದು ನಿಮಿಷ ಎದುರು ಕೂತು ಎದೆ ನೋಡಿದರೆ ಸಾಕು. ಅದನ್ನು ಎಣಿಸಿದವರು ಎಷ್ಟು ಜನ?

ಚಾಮರಾಜನಗರ ನೆನಪಿದೆಯಾ? 2021ರ ಮೇ 2ರ ರಾತ್ರಿ ಕಳೆದು 3 ಬೆಳಗಾಗುವಷ್ಟರಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಸಾಲು ಸಾವು. 24 ಅಂತ ಮೊದಲು ಬಂದ ಲೆಕ್ಕ. ಆಕ್ಸಿಜನ್ ಕೊರತೆಯಿಂದ ಸತ್ತದ್ದು ಮೂವರು ಮಾತ್ರ ಅಂದರು ಆಗಿನ ಆರೋಗ್ಯ ಸಚಿವರು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ, ಆಮ್ಲಜನಕದ ಕೊರತೆಯಿಂದ ಸತ್ತರು ಅಂತ ರಾಜ್ಯಗಳಿಂದ ನಿರ್ದಿಷ್ಟವಾಗಿ ವರದಿ ಬಂದಿಲ್ಲ ಅಂತ ಉತ್ತರ ಕೊಟ್ಟಿತು. ಬದುಕಿದ್ದಾಗ ಚರ್ಮದಲ್ಲಿ ನೀಲಿ ಕಾಣಲಿಲ್ಲ, ಸತ್ತ ಮೇಲೆ ಕಾಗದದಲ್ಲಿ ಕಾರಣ ಕಾಣಲಿಲ್ಲ.

ಹುಟ್ಟಿದ ಗಳಿಗೆಯಿಂದಲೇ ಇದು ಶುರು. ಕೂಸು ಹುಟ್ಟಿದ ಕೂಡಲೇ ಕೊಡುವ ಆಪ್ಗರ್ ಅಂಕ ಇದೆಯಲ್ಲ, 1950ರ ದಶಕದಲ್ಲಿ ವರ್ಜೀನಿಯಾ ಆಪ್ಗರ್ ಮಾಡಿದ್ದು, ಅದರಲ್ಲಿ ಬಣ್ಣಕ್ಕೆ ಎರಡು ಅಂಕ. ಮೈಯೆಲ್ಲ ಗುಲಾಬಿ ಇದ್ದರೆ ಪೂರ್ತಿ ಅಂಕ. ನಮ್ಮ ಹಾಡಿಯ ಕೂಸು ಗುಲಾಬಿ ಆಗೋದು ಯಾವಾಗ? 2023ರಲ್ಲಿ ಬ್ರಿಟನ್ನಿನ ಒಂದು ಪರಿಶೀಲನಾ ವರದಿ ಇದೇ ಪ್ರಶ್ನೆ ಎತ್ತಿ, ಗುಲಾಬಿ, ನೀಲಿ ಅನ್ನೋ ಮಾತುಗಳು ಕಪ್ಪು ಮತ್ತು ಏಷ್ಯಾದ ಕೂಸುಗಳಿಗೆ ಹೊಂದಲ್ಲ ಅಂದಿದೆ. ಅದಕ್ಕೂ ಮುಂಚೆ, 2020ರಲ್ಲಿ, ಲಂಡನ್ನಿನಲ್ಲಿ ಮಲೋನ್ ಮುಕ್ವೆಂಡೆ ಅನ್ನೋ ಕಪ್ಪು ಹುಡುಗ, ಇನ್ನೂ ಮೆಡಿಕಲ್ ಓದ್ತಿದ್ದವನು, ತನ್ನ ಪಠ್ಯಗಳಲ್ಲೆಲ್ಲ ಬಿಳಿ ಚರ್ಮವೇ ಇರೋದು ನೋಡಿ, ತನ್ನ ಮೇಷ್ಟರುಗಳನ್ನು ಸೇರಿಸಿಕೊಂಡು ಕಪ್ಪು, ಕಂದು ಚರ್ಮದ ಫೋಟೋಗಳಿರುವ ಕೈಪಿಡಿ ಮಾಡಿದ. ವಿದ್ಯಾರ್ಥಿ ಮಾಡಿದ್ದು! ಮಡಿಕೇರಿಯಲ್ಲಿ ನಮಗೂ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿದೆ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳೇ, ಈ ಪೋಸ್ಟ್ ನೋಡಿದರೆ ಕಾಮೆಂಟಿನಲ್ಲಿ ಬನ್ನಿ.

ನೀಲಿ ಕೂಸು ಅಂದಾಗ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ವಿವಿಯನ್ ಥಾಮಸ್. ಹುಟ್ಟಿನಿಂದ ಹೃದಯದ ದೋಷ ಇದ್ದು ಮೈ ನೀಲಿಗಟ್ಟುವ ಮಕ್ಕಳಿಗೆ 1944ರ ನವೆಂಬರ್ 29ರಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಶಸ್ತ್ರಚಿಕಿತ್ಸೆ ಆಯಿತು. ಕತ್ತರಿ ಹಿಡಿದವರು ಬ್ಲೇಲಾಕ್, ಯೋಚನೆ ಕೊಟ್ಟವರು ಹೆಲೆನ್ ಟಾಸಿಗ್. ನಾಯಿಗಳ ಮೇಲೆ ಪ್ರಯೋಗ ಮಾಡಿ ಮಾಡಿ ಆ ಆಪರೇಷನ್ನಿನ ದಾರಿ ಕಂಡುಕೊಂಡವರು ಥಾಮಸ್, ಕಪ್ಪು ಮನುಷ್ಯ, ಡಾಕ್ಟರ್ ಆಗೋ ಆಸೆಯನ್ನು ಆರ್ಥಿಕ ಕುಸಿತ ನುಂಗಿತ್ತು. ಆಪರೇಷನ್ ಹೊತ್ತಿನಲ್ಲಿ ಬ್ಲೇಲಾಕ್ ಹಿಂದೆ ಸ್ಟೂಲ್ ಮೇಲೆ ನಿಂತು ಎಲ್ಲಿ ಹೊಲಿಯಬೇಕು ಅಂತ ಹೇಳಿಕೊಟ್ಟವರೂ ಅವರೇ. ಮೊದಲು ಕೆಲಸಕ್ಕೆ ಸೇರಿಸಿಕೊಂಡಾಗ ಅವರ ಹುದ್ದೆ, ಸಂಬಳ ಕಸ ಗುಡಿಸುವವರದು. 1945ರ ಪ್ರಬಂಧದಲ್ಲಿ ಅವರ ಹೆಸರಿಲ್ಲ. ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ. ನೀಲಿ ಮಕ್ಕಳನ್ನು ಉಳಿಸುವ ಕೈ ಕಪ್ಪು ಕೈ ಆಗಿತ್ತು. ಹಾಗಿದ್ದೂ ಕಪ್ಪು ಮಗುವಿನ ನೀಲಿ ಇವತ್ತಿಗೂ ಪುಸ್ತಕದಲ್ಲಿಲ್ಲ.

ನಮ್ಮ ಆದಿವಾಸಿ ಹಾಡಿಗಳಲ್ಲಿ ಇನ್ನೊಂದು ಸಂಗತಿ ಇದೆ, ಸಿಕಲ್ ಸೆಲ್. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದೇ 1952ರಲ್ಲಿ, ಇಲ್ಲಿಂದ ದೂರವಲ್ಲದ ನೀಲಗಿರಿಯ ಆದಿವಾಸಿಗಳಲ್ಲಿ. ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತೆ, ರಕ್ತ ಒಡೆಯುತ್ತೆ, ಹಿಮೋಗ್ಲೋಬಿನ್ ಸದಾ ಕಡಿಮೆ, ಎದೆಯಲ್ಲಿ ಸಿಕ್ಕಿಕೊಂಡರೆ ಗಂಟೆಗಳಲ್ಲಿ ಉಸಿರು ಕಟ್ಟುತ್ತೆ. ಇವರಲ್ಲಿ ನೀಲಿಗೆ ಕಾಯೋದು ಅಂದ್ರೆ ಸಾವಿಗೆ ಕಾಯೋದು. 2023ರ ಜುಲೈ 1ರಂದು ಪ್ರಧಾನಿ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಉದ್ಘಾಟಿಸಿದರು, ಗುರಿ 2047. ಕಾರ್ಡ್ ಕೊಡ್ತಾರೆ. ಕಾರ್ಡ್ ಇರಲಿ, ಕಾರ್ಡ್ ಹಿಡಿದು ಬಂದವರ ನಾಲಿಗೆ ನೋಡೋರು ಯಾರು ಅಂತ ಹೇಳಿ.

ಇನ್ನೊಂದು ಎಚ್ಚರಿಕೆ, ಈ ಮಳೆಗೆ ಬೇಕಾದ್ದು. ಲೈನ್ ಮನೆಯಲ್ಲಿ ಚಳಿಗೆ ಬಾಗಿಲು ಕಿಟಕಿ ಮುಚ್ಚಿ ಇದ್ದಿಲು, ಸೌದೆ ಕೆಂಡ ಒಳಗಿಟ್ಟು ಮಲಗಬೇಡಿ. ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ ಹಿಡಿದುಬಿಡುತ್ತೆ. ಮೈ ನೀಲಿ ಆಗಲ್ಲ. ಕ್ಲಿಪ್ ಕೂಡ 98 ಅಂತ ತೋರಿಸಬಹುದು, ಯಾಕಂದ್ರೆ ಅದಕ್ಕೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. ತಲೆನೋವು, ವಾಂತಿ, ಒಂದೇ ಮನೆಯ ಎಲ್ಲರಿಗೂ ಒಟ್ಟಿಗೆ ತಲೆಸುತ್ತು ಅಂದ್ರೆ ಎಲ್ಲರನ್ನೂ ಹೊರಗೆ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ.

'ವಿಜ್ಞಾನಕ್ಕೂ ಜಾತಿ ಹಚ್ತೀರಲ್ಲ' ಅಂತ ಬರ್ತಾರೆ, ಗೊತ್ತು. ವಿಜ್ಞಾನಕ್ಕೆ ನಾನು ಏನೂ ಹಚ್ಚಿಲ್ಲ. ವಿಜ್ಞಾನವೇ ಹೇಳ್ತಿದೆ ಈ ಗುರುತು ಕಪ್ಪು ಚರ್ಮದಲ್ಲಿ, ಕಡಿಮೆ ರಕ್ತದಲ್ಲಿ ಕಾಣೋದು ಕಷ್ಟ ಅಂತ. ಅದು ತಿಳಿದ ಮೇಲೂ ಕಪ್ಪು ಚರ್ಮದ, ಕಡಿಮೆ ರಕ್ತದ ಜನರ ಜಿಲ್ಲೆಯಲ್ಲಿ ಅದೇ ಪೋಸ್ಟರ್ ಅಂಟಿಸೋದು ವಿಜ್ಞಾನ ಅಲ್ಲ, ಸೋಮಾರಿತನ. ನಮ್ಮ ಜೀವದ ವಿಷಯದಲ್ಲಿ ಮಾತ್ರ ಬರುವ ಸೋಮಾರಿತನ. ಹಾಗಂತ ಆಕ್ಸಿಮೀಟರ್ ಬಿಸಾಡಿ ಅಂತಲೂ ನಾನು ಹೇಳ್ತಿಲ್ಲ. ಕಡಿಮೆ ತೋರಿಸಿದರೆ ನಂಬಿ, ಓಡಿ. ಬೆಳಗ್ಗೆ 97 ಇದ್ದದ್ದು ಸಂಜೆ 93 ಆದರೆ ಆ ಇಳಿಕೆಯನ್ನು ನಂಬಿ. ಚೆನ್ನಾಗಿದೆ ಅಂತ ತೋರಿಸಿದಾಗ ಮಾತ್ರ ಮನುಷ್ಯನನ್ನು ನೋಡಿ. ತಣ್ಣಗಿನ ಕೈ ಉಜ್ಜಿ ಬೆಚ್ಚಗೆ ಮಾಡಿ, ಮದರಂಗಿ, ಕಾಫಿ ಕರೆ ಇಲ್ಲದ ಬೆರಳಿಗೆ ಹಾಕಿ, ಒಂದು ನಿಮಿಷ ಕಾಯಿರಿ.

ಆಶಾ ಅಕ್ಕಂದಿರಿಗೆ, ನಮ್ಮ ಹುಡುಗರಿಗೆ ಈಗಲೇ ಬರೆದಿಟ್ಟುಕೊಳ್ಳಿ ಅಂತೀನಿ. ಕೂಸು ಎರಡು ತಿಂಗಳೊಳಗಿದ್ದರೆ ಉಸಿರು ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಅದು ಅಪಾಯದ ಉಸಿರು. ದೊಡ್ಡವರಿಗೆ 24 ದಾಟಿದರೆ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳೋದು, ಮೂಗಿನ ಹೊಳ್ಳೆ ಅರಳೋದು, ಹಾಲು ಬಿಡೋದು, ಮಾತು ತುಂಡಾಗೋದು, ಮಂಕು ಹಿಡಿಯೋದು, ಇವು ಯಾವ ಬಣ್ಣದ ಚರ್ಮದಲ್ಲೂ ಕಾಣುತ್ತೆ. ನೀಲಿಗೆ ಕಾಯಬೇಡಿ. ಕುಟ್ಟದ ಕಡೆಯ ಹಾಡಿಯಿಂದ ಮಡಿಕೇರಿಗೆ ಎರಡು ಗಂಟೆಗೂ ಮೇಲೆ, ಮಳೆಗೆ ಮರ ಬಿದ್ದರೆ ಇನ್ನೂ ಎಷ್ಟೋ. ನೀಲಿ ಕಂಡ ಮೇಲೆ ಹೊರಟರೆ ಆ ದಾರಿ ಮುಗಿಯಲ್ಲ.

ಮುಂದಿನ ವಾರ ಜಿಲ್ಲಾಡಳಿತಕ್ಕೆ ಮನವಿ ಕೊಡ್ತಿದ್ದೀವಿ. ತಾಲೂಕು ಆಸ್ಪತ್ರೆಗಳಲ್ಲಿ ಅಪಧಮನಿ ರಕ್ತದ ಆಮ್ಲಜನಕ ಪರೀಕ್ಷೆ ಹಗಲು ರಾತ್ರಿ ಸಿಗಬೇಕು. ಹೊರರೋಗಿ ಚೀಟಿಯಲ್ಲಿ ಉಸಿರಿನ ಸಂಖ್ಯೆ ಬರೆಯೋಕೆ ಒಂದು ಖಾನೆ ಇರಬೇಕು, ಅದು ಖಾಲಿ ಬಿಟ್ಟರೆ ಉತ್ತರ ಕೊಡಬೇಕು. ಹೊಸದಾಗಿ ಆಕ್ಸಿಮೀಟರ್ ಕೊಳ್ಳುವಾಗ ಕಪ್ಪು ಚರ್ಮದವರ ಮೇಲೆ ಪರೀಕ್ಷೆ ಆಗಿದೆ ಅನ್ನೋ ಕಾಗದ ಕೇಳಬೇಕು. ಪೋಸ್ಟರಿನಲ್ಲಿ ನಮ್ಮ ನಾಲಿಗೆ, ನಮ್ಮ ಅಂಗೈ ಇರಬೇಕು. ನಿಮ್ಮ ಕೇರಿಯಲ್ಲಿ, ಹಾಡಿಯಲ್ಲಿ 'ಸ್ಯಾಚುರೇಶನ್ ಚೆನ್ನಾಗಿದೆ' ಅಂತ ವಾಪಸ್ ಕಳಿಸಿದ ಮೇಲೆ ಕೈಮೀರಿದ ಪ್ರಕರಣ ಇದ್ದರೆ ಚೀಟಿಯ ಫೋಟೋ ಜೊತೆ ಇನ್‌ಬಾಕ್ಸ್‌ಗೆ ಹಾಕಿ. ಕಾಮೆಂಟಿನಲ್ಲಿ ರೋಗಿಯ ಹೆಸರು ಬರೆಯಬೇಡಿ. ಚೀಟಿ ಇಲ್ಲದಿದ್ದರೆ ದಿನಾಂಕ, ಯಾರು ಮುಟ್ಟಿ ನೋಡಿದರು, ಯಾರು ನೋಡಲಿಲ್ಲ, ಅಷ್ಟಾದರೂ ಬರೆಯಿರಿ.

ಜೈ ಭೀಮ್.